ಶೂಟಿಂಗ್ ರೇಂಜ್‌ನಿಂದ ಬಂದ ಮೇಲೆ ಪಿಸ್ತೂಲು ಕ್ಲೀನ್ ಮಾಡೋದು: ಎಣ್ಣೆ ಎಷ್ಟು, ಎಲ್ಲಿ?

ಪ್ಲೇನೋ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರೋದು ಟೆಕ್ಸಾಸ್‌ನ ಪ್ಲೇನೋದಲ್ಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಗ್ಲಾಕ್ 19 ಪಿಸ್ತೂಲು ತೆಗೆದುಕೊಂಡೆ, ಜೆನ್ 5 (ಐದನೇ ತಲೆಮಾರಿನದು). ಶನಿವಾರ ಇಂಡೋರ್ ರೇಂಜ್‌ಗೆ ಹೋಗಿ ಎರಡು ಮೂರು ಡಬ್ಬಿ 9 ಎಂಎಂ ಹೊಡೆದು ಬರುತ್ತೇನೆ. ಕ್ಲೀನ್ ಮಾಡೋ ವಿಷಯಕ್ಕೆ ಬಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ರೇಂಜ್‌ನಲ್ಲಿ ಒಬ್ಬರು "ಗ್ಲಾಕ್ ತಾನೆ, ವರ್ಷಕ್ಕೊಂದು ಸಲ ಒರೆಸಿದರೆ ಸಾಕು" ಅಂದರು. ಅಂಗಡಿಯವರು ಮೂರು ಥರ ಬಾಟಲಿ ಕೊಟ್ಟು "ಪ್ರತಿ ಸಲ ಪೂರ್ತಿ ಬಿಚ್ಚಿ" ಅಂದರು. ಎಣ್ಣೆ ಎಲ್ಲೆಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿ ಹಾಕಲೇಬಾರದು, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕಾಗಿದ್ದಾರೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಬೆಂಚ್_ಹೂಸ್ಟನ್:
ಒಳ್ಳೆ ಪ್ರಶ್ನೆ. ಉದ್ದ ಉತ್ತರ ಬರೆಯುತ್ತೇನೆ, ಯಾಕಂದರೆ ಈ ವಿಷಯದಲ್ಲಿ ಅರ್ಧ ಹೇಳಿದರೆ ಅಪಾಯ.

ಎಣ್ಣೆಗಿಂತ ಮೊದಲು ಚೇಂಬರ್, ಅಂದರೆ ಹಾರಲು ಸಿದ್ಧವಾದ ತೋಟಾ ಕೂರುವ ಜಾಗ. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು, ಅದರ ರಚನೆಯೇ ಹಾಗಿದೆ. ಹಾಗಾಗಿ ಕ್ಲೀನ್ ಮಾಡುವಾಗ ಗುಂಡು ಹಾರಿದ ಪ್ರಕರಣಗಳು ನಿಜವಾಗಿ ಆಗುತ್ತವೆ, ಕತೆಯಲ್ಲ. ಹೆಚ್ಚಿನ ಸಲ ಕಾರಣ ಒಂದೇ. ಗುಂಡು ತುಂಬಿರುವ ಮ್ಯಾಗಜೀನ್ ತೆಗೆಯುವ ಮೊದಲೇ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಎಳೆಯುತ್ತಾರೆ. ಚೇಂಬರ್‌ನಲ್ಲಿದ್ದ ತೋಟಾ ಹೊರಗೆ ಬೀಳುತ್ತದೆ, ಅದನ್ನು ನೋಡಿ ಖಾಲಿ ಆಯಿತು ಅಂದುಕೊಳ್ಳುತ್ತಾರೆ. ಆದರೆ ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜೀನ್‌ನಿಂದ ಇನ್ನೊಂದನ್ನು ಒಳಗೆ ತಳ್ಳಿರುತ್ತದೆ. ಆದ್ದರಿಂದ ಯಾವಾಗಲೂ ಮ್ಯಾಗಜೀನ್ ಮೊದಲು. ಅದು ಕೈಗೆ ಬಂದ ಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ಲಾಕ್ ಮಾಡಿ, ಚೇಂಬರ್ ಒಳಗೆ ಕಣ್ಣಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಬೆಳಕು ಕಡಿಮೆ ಇದ್ದಾಗ ಕಣ್ಣು ಮೋಸ ಮಾಡಬಹುದು, ಬೆರಳು ಮಾಡಲ್ಲ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಕ್ಲೀನ್ ಮಾಡೋ ಮೇಜಿನ ಮೇಲೆ ಒಂದೂ ಇರಬಾರದು.

ಆಮೇಲೆ ಸ್ಲೈಡ್ ಮುಂದೆ ಬಿಟ್ಟು, ನಳಿಕೆಯನ್ನು ಗುಂಡು ತಡೆಯುವಂಥ ಕಡೆಗೆ ತಿರುಗಿಸಿ ಟ್ರಿಗರ್ ಎಳೆಯಿರಿ. ಪ್ಲಾಸ್ಟರ್‌ಬೋರ್ಡ್ ಗೋಡೆ ಗುಂಡು ತಡೆಯಲ್ಲ, ಇಲ್ಲಿನ ಮನೆಗಳಲ್ಲಿ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಅಂತಲೂ ಯೋಚಿಸಬೇಕು. ಈಗ ಸ್ಲೈಡನ್ನು ಸುಮಾರು 3 ಮಿಲಿಮೀಟರ್ ಮಾತ್ರ ಹಿಂದೆ ಎಳೆದು ಹಿಡಿದು, ಎರಡೂ ಬದಿಯ ಸ್ಲೈಡ್ ಲಾಕನ್ನು ಒಟ್ಟಿಗೆ ಕೆಳಗೆ ಎಳೆದರೆ ಸ್ಲೈಡ್ ಮುಂದಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಜಾಸ್ತಿ ಹಿಂದೆ ಎಳೆದರೆ ಟ್ರಿಗರ್ ಮತ್ತೆ ಮುಂದೆ ಬರುತ್ತದೆ, ಆಗ ಮೊದಲಿಂದ ಶುರು ಮಾಡಬೇಕು. ಸ್ಪ್ರಿಂಗ್ ತೆಗೆಯಿರಿ, ಬ್ಯಾರೆಲ್, ಅಂದರೆ ನಳಿಕೆ, ತೆಗೆಯಿರಿ. ಅಲ್ಲಿಗೆ ನಿಲ್ಲಿಸಿ. ಮಾಮೂಲಿ ಕ್ಲೀನಿಂಗ್‌ಗೆ ಇದಕ್ಕಿಂತ ಹೆಚ್ಚು ಬಿಚ್ಚುವ ಅಗತ್ಯವಿಲ್ಲ.

ಬ್ಯಾರೆಲ್‌ಗೆ ಸಾಲ್ವೆಂಟ್ (ಮಸಿ ಕರಗಿಸುವ ದ್ರವ) ಹಾಕಿದ ಪ್ಯಾಚ್, ಅಂದರೆ ಸಣ್ಣ ಬಟ್ಟೆ ತುಂಡು, ಒಂದು ಸಲ ಹಾಯಿಸಿ, ಐದಾರು ನಿಮಿಷ ಬಿಡಿ. ಹಾಪ್ಸ್ ನಂಬರ್ 9 ಇರಲಿ, ಬೇರೆ ಯಾವುದೇ ಇರಲಿ, ಸಾಲ್ವೆಂಟ್‌ಗೆ ಕೆಲಸ ಮಾಡಲು ಸಮಯ ಕೊಟ್ಟರೆ ಕೈಗೆ ಕೆಲಸ ಕಡಿಮೆ. ಆಮೇಲೆ ಬ್ರಷ್. ಚೇಂಬರ್ ಕಡೆಯಿಂದ ಹಾಕಿ ನಳಿಕೆಯ ಬಾಯಿಂದ ಆಚೆ ಬರಲಿ. ನಳಿಕೆಯ ತುದಿಯಲ್ಲಿ ಗುಂಡು ಬ್ಯಾರೆಲ್ ಬಿಟ್ಟು ಹೋಗುವ ಆ ಅಂಚು ಸವೆದರೆ ಗುರಿ ಕೆಡುತ್ತದೆ, ಅದಕ್ಕೆ ರಾಡ್ ಆ ಕಡೆಯಿಂದ ತುರುಕಬಾರದು. ಆಮೇಲೆ ಒಣ ಪ್ಯಾಚ್‌ಗಳು. ಕೊನೆ ಪ್ಯಾಚ್ ಬೆಳ್ಳಗೆ ಬರಲೇಬೇಕು ಅಂತ ಗಂಟೆಗಟ್ಟಲೆ ಉಜ್ಜುವವರಿದ್ದಾರೆ. ಸ್ವಲ್ಪ ಬೂದು ಬಣ್ಣ ಉಳಿದರೆ ಏನೂ ಆಗಲ್ಲ.

ಸ್ಲೈಡ್‌ನಲ್ಲಿ ಮುಖ್ಯವಾದ ಜಾಗ ತೋಟಾದ ಹಿಂಭಾಗ ಒರಗುವ ಮುಖ, ಅದರ ಪಕ್ಕದಲ್ಲಿ ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆ. ಮಸಿ ಕೂರುವುದೇ ಅಲ್ಲಿ. ನೈಲಾನ್ ಬ್ರಷ್ ಸಾಕು, ಹಳೆ ಹಲ್ಲುಜ್ಜುವ ಬ್ರಷ್ ಆದರೂ ಆಗುತ್ತದೆ. ಆದರೆ ಉಜ್ಜುವಾಗ ಸ್ಲೈಡ್‌ನ ಮುಂಭಾಗ ಕೆಳಗಿರಲಿ. ಇಲ್ಲದಿದ್ದರೆ ಸಾಲ್ವೆಂಟ್ ಮಸಿಯನ್ನೂ ಕರೆದುಕೊಂಡು, ತೋಟಾದ ಹಿಂದೆ ಬಡಿಯುವ ಫೈರಿಂಗ್ ಪಿನ್ ತೂತಿನೊಳಗೆ ಇಳಿಯುತ್ತದೆ.

ಈಗ ಎಣ್ಣೆ. ಗ್ಲಾಕ್ ಕಂಪನಿಯ ಮ್ಯಾನುವಲ್ ಓದಿ, ಅದು ಕೇಳೋದು ಕೆಲವೇ ಹನಿ. ಬ್ಯಾರೆಲ್‌ನ ಹೊರಮೈ ಮೇಲೆ ಎಣ್ಣೆ ತಾಗಿದ ಬಟ್ಟೆ ಒಂದು ಸಲ ಸವರಿದರೆ ಮುಗಿಯಿತು. ಸ್ಲೈಡ್ ಒಳಗೆ ಬ್ಯಾರೆಲ್‌ನ ಮೇಲ್ಭಾಗ ಉಜ್ಜುವ ಜಾಗಕ್ಕೂ ಹಾಗೇ. ಸ್ಲೈಡ್‌ನ ಎರಡೂ ಬದಿಯ ಜಾರುವ ಜಾಡಿಗೆ ಒಂದೊಂದು ಹನಿ ಬಿಟ್ಟು ಉದ್ದಕ್ಕೂ ಹರಡಿ. ಆಮೇಲೆ ಎಲ್ಲರೂ ಮರೆಯೋ ಜಾಗ ಒಂದಿದೆ. ಫ್ರೇಮ್‌ನ ಹಿಂದೆ ಬಲ ಮೂಲೆಯಲ್ಲಿ, ಟ್ರಿಗರ್‌ನಿಂದ ಬರುವ ಕಂಬಿ, ಅಂದರೆ ಟ್ರಿಗರ್ ಬಾರ್, ಬಂದು ಕನೆಕ್ಟರ್‌ಗೆ ತಾಗುತ್ತಲ್ಲ, ಅಲ್ಲಿ ಒಂದು ಹನಿ. ಅದೊಂದು ತಪ್ಪಿದರೆ ಟ್ರಿಗರ್ ಒರಟಾಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ.

ಎಣ್ಣೆ ಹಾಕಲೇಬಾರದ ಜಾಗ: ಫೈರಿಂಗ್ ಪಿನ್ ಓಡಾಡುವ ಕೊಳವೆ, ಮ್ಯಾಗಜೀನ್ ಒಳಗೆ, ಚೇಂಬರ್, ತೋಟಾ ಒರಗುವ ಮುಖ. ಇದರಲ್ಲಿ ನಾನು ಬಿಟ್ಟುಕೊಡಲ್ಲ.

ಒರೆಸುಬಟ್ಟೆ:
ಸರ್, ಹಾಕಲೇಬಾರದು ಅಂತ ಯಾಕೆ? ಲೋಹದ ಮೇಲೆ ಎಣ್ಣೆ ಇದ್ದರೆ ಒಳ್ಳೆಯದೇ ಅಲ್ವಾ. ನಮ್ಮ ತಂದೆ ಮನೆಯ ಎಲ್ಲ ಮಶೀನ್‌ಗೂ ಧಾರಾಳವಾಗಿ ಎಣ್ಣೆ ಹಾಕುತ್ತಿದ್ದರು, ಯಾವುದೂ ಕೆಟ್ಟಿಲ್ಲ.

ಬೆಂಚ್_ಹೂಸ್ಟನ್:
ಮನೆ ಮಶೀನ್ ಒಳಗೆ ಮದ್ದು ಉರಿಯಲ್ಲ. ವ್ಯತ್ಯಾಸ ಅಲ್ಲೇ ಇರೋದು. ಪ್ರತಿ ಗುಂಡಿಗೂ ಸುಡದೆ ಉಳಿದ ಮದ್ದಿನ ಕಣ, ಮಸಿ, ಸೀಸದ ಪುಡಿ ಒಳಗೇ ಹಾರಾಡುತ್ತವೆ. ಎಣ್ಣೆ ಜಾಸ್ತಿ ಇದ್ದ ಕಡೆ ಅವೆಲ್ಲ ಅಂಟಿಕೊಳ್ಳುತ್ತವೆ. ಸ್ವಲ್ಪ ದಿನದಲ್ಲಿ ಅದು ಎಣ್ಣೆಯಾಗಿ ಉಳಿಯಲ್ಲ, ಲೋಹ ಸವೆಸುವ ಕಪ್ಪು ರಾಡಿಯಾಗುತ್ತದೆ. ಫೈರಿಂಗ್ ಪಿನ್ ಕೊಳವೆಯಲ್ಲಿ ಆ ರಾಡಿ ಗಟ್ಟಿಯಾದರೆ ಪಿನ್ ನಿಧಾನವಾಗುತ್ತದೆ, ತೋಟಾದ ಹಿಂದೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಏಟು ಹಗುರವಾಗಿ ಬೀಳುತ್ತದೆ, ಗುಂಡು ಹಾರಲ್ಲ. ಮ್ಯಾಗಜೀನ್‌ನಲ್ಲಿದ್ದರೆ ಎಣ್ಣೆ ತೋಟಾಗೆ ಹತ್ತುತ್ತದೆ, ತೆಳು ಎಣ್ಣೆಯಾದರೆ ಪ್ರೈಮರ್ ಒಳಗೂ ಇಳಿದು ಅದನ್ನು ಕೆಡಿಸಬಹುದು. ನಿಮ್ಮ ತಂದೆಯವರು ಮಾಡಿದ್ದು ಆ ಮಶೀನ್‌ಗಳಿಗೆ ಸರಿ. ಇದು ಬೇರೆ ವಸ್ತು.

ಇನ್ನೊಂದು ಹೇಳಬೇಕಿತ್ತು. ಹೊಸ ಗ್ಲಾಕ್‌ನ ಸ್ಲೈಡ್ ಒಳಗೆ ತಾಮ್ರದ ಬಣ್ಣದ ಗ್ರೀಸ್ ಇರುತ್ತದೆ. ಅದನ್ನು ಕೊಳೆ ಅಂತ ತೆಗೆದುಬಿಡಬೇಡಿ. ಕಂಪನಿಯೇ ಹಾಕಿರೋದು, ಇರಲಿ ಅಂತಲೇ ಮ್ಯಾನುವಲ್ ಹೇಳುತ್ತದೆ.

ಪ್ಲೇನೋ_ಹುಡುಗ:
ಆ ತಾಮ್ರದ ಬಣ್ಣದ್ದು ಏನು ಅಂತ ಕೇಳಬೇಕು ಅಂತಲೇ ಇದ್ದೆ! ಮನೆಯಲ್ಲಿ ಡಬ್ಲ್ಯೂಡಿ-40 ಇದೆ, ಅದನ್ನೇ ಬಳಸಬಹುದಾ? ಅಂಗಡಿಯ ಮೂರು ಬಾಟಲಿಯಲ್ಲಿ ಒಂದು ಸಿಎಲ್‌ಪಿ ಅಂತಿದೆ.

ಇಪ್ಪತ್ತೈದು_ಮೀಟರ್:
ನಾನು ಬೆಂಗಳೂರಿನಲ್ಲಿ ಪಾಯಿಂಟ್ 22 ಸ್ಪೋರ್ಟ್ ಪಿಸ್ತೂಲು ಹೊಡೆಯುವವಳು. ಡಬ್ಲ್ಯೂಡಿ-40 ಬಗ್ಗೆ ನಾನು ಹೇಳುತ್ತೇನೆ. ಆ ನೀಲಿ ಹಳದಿ ಡಬ್ಬಿಯದ್ದು ನೀರು ಹೊರಗೆ ತಳ್ಳಲು ಮಾಡಿದ್ದು. ಒದ್ದೆಯಾದ ವಸ್ತುವಿಗೆ ಒಳ್ಳೆಯದು. ಆದರೆ ಸ್ಲೈಡ್ ಓಡಾಡುವ ಜಾಡಿಗೆ ಬೇಕಾದ ಎಣ್ಣೆ ಅದಲ್ಲ. ತೆಳುವಾಗಿದೆ, ಬೇಗ ಹೋಗುತ್ತದೆ, ಹಿಂದೆ ಅಂಟು ಬಿಡುತ್ತದೆ. ಸಿಎಲ್‌ಪಿ ಅಂದರೆ ಕ್ಲೀನ್ ಮಾಡೋದು, ಜಾರುವಂತೆ ಮಾಡೋದು, ತುಕ್ಕು ತಡೆಯೋದು, ಮೂರೂ ಒಂದೇ ಬಾಟಲಿಯಲ್ಲಿ. ನಿಮ್ಮಂಥ ಬಳಕೆಗೆ ಅದೊಂದೇ ಸಾಕು, ಬೇರೆ ಎರಡು ಬಾಟಲಿ ವಾಪಸ್ ಕೊಡಬಹುದಾದರೆ ಕೊಡಿ.

ನಮ್ಮ ಕಡೆ ಕೆಲವರು ಕೊಬ್ಬರಿ ಎಣ್ಣೆ ಕೇಳುತ್ತಾರೆ. ದಯವಿಟ್ಟು ಬೇಡ. 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲೇ ಬಾಟಲಿಯಿಂದ ಹೊರಗೆ ಬರಲ್ಲ, ಇನ್ನು ಪಿಸ್ತೂಲಿನೊಳಗೆ ಏನು ಮಾಡೀತು. ಅಡುಗೆ ಎಣ್ಣೆ ಯಾವುದೇ ಆಗಲಿ ಹಳತಾದರೆ ಅಂಟಾಗುತ್ತದೆ. ಏನೂ ಸಿಗದಿದ್ದರೆ ಹೊಲಿಗೆ ಮಶೀನ್ ಎಣ್ಣೆ ವಾಸಿ.

ಒಂದು ವಿಷಯದಲ್ಲಿ ಬೆಂಚ್ ಸರ್ ಮಾತಿಗೆ ಸೇರಿಸಬೇಕು. ಅವರು ಹೇಳಿದ್ದು 9 ಎಂಎಂಗೆ ಸರಿ. ಪಾಯಿಂಟ್ 22 ಹೊಡೆಯುವವರ ಲೆಕ್ಕ ಬೇರೆ. ನಮ್ಮ ಗುಂಡಿಗೆ ತಾಮ್ರದ ಹೊದಿಕೆ ಇರಲ್ಲ, ಬರೀ ಸೀಸ, ಅದರ ಮೇಲೆ ಮೇಣದಂಥ ಲೇಪ. ಹಾಗಾಗಿ ತಾಮ್ರ ಕರಗಿಸುವ ಸಾಲ್ವೆಂಟ್ ನಮಗೆ ಬೇಕಾಗಿಯೇ ಇಲ್ಲ. ಮೇಣ, ಮಸಿ ಎರಡೂ ಸೇರಿ ಚೇಂಬರ್ ಬಾಯಲ್ಲಿ ಉಂಗುರದ ಹಾಗೆ ಕೂರುತ್ತದೆ. ಅದು ದಪ್ಪ ಆದರೆ ತೋಟಾ ಪೂರ್ತಿ ಒಳಗೆ ಕೂರಲ್ಲ, ಪಂದ್ಯದ ಮಧ್ಯೆ ಪಿಸ್ತೂಲು ನಿಲ್ಲುತ್ತದೆ. ಆದ್ದರಿಂದ ಚೇಂಬರ್, ತೋಟಾ ಒರಗುವ ಮುಖ, ಎಕ್ಸ್‌ಟ್ರ್ಯಾಕ್ಟರ್ ಇವು ಮೂರು ಪ್ರತಿ ಸಲ ಕ್ಲೀನ್. ಬ್ಯಾರೆಲ್ ಒಳಗೆ ಮಾತ್ರ ಫೆಲ್ಟ್ ಪೆಲೆಟ್ (ಒತ್ತಿದ ಉಣ್ಣೆಯ ಸಣ್ಣ ಉಂಡೆ) ಹಾಯಿಸಿ ಬಿಡುತ್ತೇವೆ, ಬ್ರಷ್ ಅಪರೂಪ. ಬ್ಯಾರೆಲ್ ಪೂರ್ತಿ ಸ್ವಚ್ಛ ಆದ ಮೇಲೆ ಮೊದಲ ಕೆಲವು ಗುಂಡು ಬೇರೆ ಕಡೆ ಹೋಗುತ್ತವೆ, ಮತ್ತೆ ಲೇಪ ಕೂತ ಮೇಲೇ ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತವೆ. ಪಂದ್ಯದ ಹಿಂದಿನ ರಾತ್ರಿ ಬ್ಯಾರೆಲ್ ಉಜ್ಜಬೇಡಿ ಅಂತ ಕೋಚ್‌ಗಳು ಹೇಳೋದು ಇದಕ್ಕೇ.

ಮತ್ತೆ, ಕ್ಲೀನ್ ಮಾಡಿ ಜೋಡಿಸಿದ ಮೇಲೆ ಖಾಲಿ ಟ್ರಿಗರ್ ಎಳೆದು ನೋಡೋ ಅಭ್ಯಾಸ ಎಲ್ಲರಿಗೂ ಇದೆ. ಪಾಯಿಂಟ್ 22ರಲ್ಲಿ ಹುಷಾರು. ಇದರ ಪಿನ್ ಹೊಡೆಯೋದು ತೋಟಾದ ಅಂಚಿಗೆ. ತೋಟಾ ಇಲ್ಲದಿದ್ದರೆ ಎಷ್ಟೋ ಪಿಸ್ತೂಲುಗಳಲ್ಲಿ ಅದು ನೇರ ಚೇಂಬರ್ ಅಂಚಿಗೇ ಬಡಿದು ಅಲ್ಲಿ ಗುಳಿ ಮಾಡುತ್ತದೆ. ನಿಮ್ಮ ಪಿಸ್ತೂಲಿನ ಮ್ಯಾನುವಲ್ ಒಪ್ಪಿದರೆ ಮಾತ್ರ ಎಳೆಯಿರಿ, ಇಲ್ಲ ಅಂದರೆ ಡಮ್ಮಿ ತೋಟಾ ಹಾಕಿಕೊಳ್ಳಿ. ಮರದ ಹಿಡಿ ಇರುವವರು ಸಾಲ್ವೆಂಟ್ ತೆಗೆಯುವ ಮೊದಲೇ ಹಿಡಿ ಬಿಚ್ಚಿಡಿ, ಕಲೆ ಆದರೆ ಹೋಗಲ್ಲ.

ಒರೆಸುಬಟ್ಟೆ:
ಇದೇ ನಾನು ಹೇಳೋದು ಮೇಡಂ. ಪಂದ್ಯದವರೇ ಬ್ಯಾರೆಲ್ ಮುಟ್ಟಲ್ಲ. ಹಾಗಾದರೆ ಗ್ಲಾಕ್‌ನವರು ಯಾಕೆ ಪ್ರತಿ ಶನಿವಾರ ಉಜ್ಜಬೇಕು? ಅಷ್ಟು ಉಜ್ಜಿದರೇ ಬೇಗ ಸವೆಯಲ್ವಾ?

ಬೆಂಚ್_ಹೂಸ್ಟನ್:
ಬ್ಯಾರೆಲ್ ವಿಷಯದಲ್ಲಿ ನಿಮ್ಮ ಮಾತಲ್ಲಿ ಹುರುಳಿದೆ. 9 ಎಂಎಂ ಬ್ಯಾರೆಲ್ ಸಾವಿರಾರು ಗುಂಡು ಹೊಡೆದರೂ ತಾಳುತ್ತದೆ, ಎರಡು ಡಬ್ಬಿ ಹೊಡೆದ ಮಾತ್ರಕ್ಕೆ ಬ್ರಷ್ ಹಾಕಲೇಬೇಕು ಅಂತಿಲ್ಲ. ಮ್ಯಾನುವಲ್ ಪ್ರತಿ ಬಳಕೆಯ ನಂತರ ಕ್ಲೀನ್ ಮಾಡಿ ಅನ್ನುತ್ತದೆ. ಬರೀ ರೇಂಜ್‌ಗಾಗಿ ಇಟ್ಟುಕೊಂಡ ಪಿಸ್ತೂಲು ಆದರೆ ಒಂದೆರಡು ಸಲ ಬಿಟ್ಟು ಮಾಡಿದರೂ ಅದು ನಡೆಯುತ್ತದೆ ಅನ್ನೋದು ನನ್ನ ಅಭಿಪ್ರಾಯ. ಆದರೆ ಮನೆಯವರ ರಕ್ಷಣೆಗೆ ಅಂತ ಇಟ್ಟಿದ್ದರೆ ನಾನು ಪ್ರತಿ ಸಲ ಮಾಡುತ್ತೇನೆ, ಯಾಕಂದರೆ ಬಿಚ್ಚಿದಾಗಲೇ ಸೀಳಿದ ಸ್ಪ್ರಿಂಗ್, ಅಂಚು ಹೋದ ಎಕ್ಸ್‌ಟ್ರ್ಯಾಕ್ಟರ್ ಕಣ್ಣಿಗೆ ಬೀಳೋದು. ಕ್ಲೀನ್ ಮಾಡೋದು ಅಂದರೆ ಅರ್ಧ ಪರೀಕ್ಷೆ ಮಾಡೋದು.

ಸವೆಯೋದರ ಬಗ್ಗೆ: ಕಂಚಿನ ಬ್ರಷ್ ಉಕ್ಕಿಗಿಂತ ಮೆತ್ತಗೆ, ಅದು ಸವೆಸಲ್ಲ. ಸ್ಟೀಲ್ ಬ್ರಷ್ ಮಾತ್ರ ಮುಟ್ಟಬೇಡಿ. ಇನ್ನೊಂದು ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. ತಾಮ್ರದ ಸಾಲ್ವೆಂಟ್ ಹಾಕಿದಾಗ ಪ್ಯಾಚ್ ಹಸಿರು ನೀಲಿ ಬಂದರೆ "ಇನ್ನೂ ತಾಮ್ರ ಇದೆ" ಅಂತ ಮತ್ತೆ ಮತ್ತೆ ಹಾಕುತ್ತಾರೆ. ಕಂಚಿನ ಬ್ರಷ್‌ನಲ್ಲೇ ತಾಮ್ರ ಇದೆಯಲ್ಲ, ಆ ಬಣ್ಣ ಅದರಿಂದಲೂ ಬರುತ್ತದೆ. ಅಂಥ ಸಾಲ್ವೆಂಟ್ ಬಳಸುವಾಗ ನೈಲಾನ್ ಬ್ರಷ್ ತಗೊಳ್ಳಿ. ಅಮೋನಿಯಾ ಇರುವ ಸಾಲ್ವೆಂಟನ್ನು ನಿಕ್ಕಲ್ ಲೇಪದ ಪಿಸ್ತೂಲಿನ ಮೇಲೆ ಬಿಡಬೇಡಿ, ಲೇಪ ಏಳುತ್ತದೆ.

ಕಕ್ಕಡ_ಮಳೆ:
ಕೊಡಗಿನಿಂದ ಬರೆಯುತ್ತಿದ್ದೇನೆ. ನೀವೆಲ್ಲ ಮಸಿಯ ಬಗ್ಗೆ ಮಾತಾಡುತ್ತಿದ್ದೀರಿ, ನಮಗೆ ಅದಕ್ಕಿಂತ ದೊಡ್ಡ ಶತ್ರು ಥಂಡಿ. ಇಲ್ಲಿ ಕೊಡವರಿಗೂ ಜಮ್ಮಾ (ತಲೆಮಾರಿನಿಂದ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ, ಹಾಗಾಗಿ ಮನೆಮನೆಯಲ್ಲಿ ಕೋವಿ ಇದೆ. ಹೆಚ್ಚಿನವು ಉದ್ದದ ಕೋವಿಗಳು, ಕೆಲವರ ಹತ್ತಿರ ಪಾಯಿಂಟ್ 32 ಪಿಸ್ತೂಲು. 9 ಎಂಎಂ ಇಲ್ಲಿ ಜನಸಾಮಾನ್ಯರಿಗೆ ಇಲ್ಲ, ಅದು ನಿಷೇಧಿತ ಬೋರ್ (ನಳಿಕೆಯ ಅಳತೆ).

ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯೇ ಬೆವರುತ್ತದೆ. ಹೊಡೆಯದೆ ಸುಮ್ನೆ ಇಟ್ಟ ಪಿಸ್ತೂಲಿಗೂ ತುಕ್ಕು ಬರುತ್ತದೆ. ಮುಟ್ಟಿದ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಮೂಡೋದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಬೆವರಿನಲ್ಲಿ ಉಪ್ಪಿದೆ, ಅದಕ್ಕೆ. ಆದ್ದರಿಂದ ಕೈಯಲ್ಲಿ ಹಿಡಿದ ಮೇಲೆ ಎಣ್ಣೆ ತಾಗಿದ ಬನಿಯನ್ ಬಟ್ಟೆಯಿಂದ ಹೊರಮೈ ಒರೆಸದೆ ಒಳಗಿಡಬಾರದು. ಚರ್ಮದ ಚೀಲದಲ್ಲಿ ಇಡಲೇಬೇಡಿ. ಚರ್ಮ ನೀರು ಹೀರಿ ಹಿಡಿದುಕೊಳ್ಳುತ್ತದೆ, ಹದ ಮಾಡಿದ ಉಪ್ಪೂ ಅದರಲ್ಲಿರುತ್ತದೆ. ಬೀರುವಿನಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾಗುವಂಥದ್ದು ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ಗೊತ್ತಾಗುತ್ತದೆ.

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಅದಕ್ಕೆ ಮೊದಲು ಎಲ್ಲ ಕೋವಿಗಳನ್ನು ಇಳಿಸಿ ಕ್ಲೀನ್ ಮಾಡೋದು, ಹಬ್ಬದ ದಿನ ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡೋದು ಸಂಪ್ರದಾಯ. ಮಳೆಗಾಲ ಮುಗಿಯೋ ಹೊತ್ತಿಗೇ ಈ ಹಬ್ಬ ಬರೋದು ನನಗೆ ಬಹಳ ಅರ್ಥವಾಗುವ ವಿಷಯ. ಹಿರಿಯರಿಗೆ ತುಕ್ಕಿನ ಲೆಕ್ಕ ಗೊತ್ತಿತ್ತು. ಒಂದೇ ವಿನಂತಿ, ಗಂಧ ಕುಂಕುಮ ಹಚ್ಚಿದ್ದನ್ನು ಅದೇ ಸಂಜೆ ಒರೆಸಿ ಎಣ್ಣೆ ಸವರಿ. ಒದ್ದೆ ಗಂಧ ರಾತ್ರಿಯಿಡೀ ಇದ್ದರೆ ಆ ಬೊಟ್ಟಿನ ಗುರುತು ಉಕ್ಕಿನ ಮೇಲೇ ಉಳಿಯುತ್ತದೆ. ಆಯುಧಪೂಜೆಗೂ ಇದೇ ಮಾತು.

ಪಾಯಿಂಟ್ 32 ಇರುವವರಿಗೆ ಇನ್ನೊಂದು. ಆ ತೋಟಾದ ಹಿಂದಿನ ಅಂಚು ಸ್ವಲ್ಪ ಹೊರಗೆ ಚಾಚಿದೆ. ಮ್ಯಾಗಜೀನ್ ಕ್ಲೀನ್ ಮಾಡಿ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಅಲ್ಲೇ ಬಿಗಿಯುತ್ತದೆ, ಎಷ್ಟು ಎಣ್ಣೆ ಹಾಕಿದರೂ ಸರಿಹೋಗಲ್ಲ. ಮೇಲಿನದರ ಅಂಚು ಕೆಳಗಿನದರ ಮುಂದೆ ಬರುವಂತೆ ತುಂಬಿ.

ಪ್ಲೇನೋ_ಹುಡುಗ:
ಕಕ್ಕಡ ಅಣ್ಣ, ತುಂಬಾ ಉಪಯೋಗ ಆಯಿತು. ಇಲ್ಲಿ ಟೆಕ್ಸಾಸ್ ಒಣ ಹವೆ ಅಂದುಕೊಂಡು ಚರ್ಮದ ಚೀಲದಲ್ಲೇ ಇಡಬೇಕು ಅಂತಿದ್ದೆ. ಮ್ಯಾಗಜೀನ್ ಬಿಚ್ಚಿ ಕ್ಲೀನ್ ಮಾಡಬೇಕಾ?

ಬೆಂಚ್_ಹೂಸ್ಟನ್:
ಪ್ರತಿ ಸಲ ಬೇಡ. ಮಣ್ಣಲ್ಲಿ ಬಿದ್ದರೆ, ಅಥವಾ ಒತ್ತಿದಾಗ ಒಳಗೆ ಕರಕರ ಅಂದರೆ ಬಿಚ್ಚಿ. ಕೆಳಗಿನ ತಟ್ಟೆ ಜಾರಿಸುವಾಗ ಹೆಬ್ಬೆರಳು ಅಡ್ಡ ಹಿಡಿಯಿರಿ, ಒಳಗಿನ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ. ಒಣ ಬಟ್ಟೆಯಿಂದ ಒರೆಸಿ ಜೋಡಿಸಿ, ಅಷ್ಟೇ.

ತಾಯಿ_ನ್ಯೂಜೆರ್ಸಿ:
ಮಗಳ ವಿಷಯ ಬರೆದು ಯಾರೂ ಅದಕ್ಕೆ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಯಜಮಾನರೂ ರೇಂಜ್‌ಗೆ ಹೋಗುತ್ತಾರೆ. ನಾನು ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ಸೀಸ ಅಂದರೆ ನನಗೆ ಸಣ್ಣ ವಿಷಯ ಅಲ್ಲ.

ಗುಂಡಿನಲ್ಲಷ್ಟೇ ಅಲ್ಲ, ಮಾಮೂಲಿ ಪ್ರೈಮರ್ ಒಳಗೂ ಸೀಸದ ಸಂಯುಕ್ತ ಇರುತ್ತದೆ. ಹಾರಿಸಿದಾಗ ಹೊಗೆಯಾಗಿ ಬರುತ್ತದೆ, ಕೈ, ಕೂದಲು, ಅಂಗಿ, ಬೂಟು ಎಲ್ಲದರ ಮೇಲೂ ಕೂರುತ್ತದೆ. ಪಿಸ್ತೂಲು ಕ್ಲೀನ್ ಮಾಡುವಾಗ ನೀವು ಒರೆಸೋ ಆ ಕಪ್ಪು ಮಸಿಯಲ್ಲಿ ಅದೇ ಇರೋದು. ಮೂರು ವರ್ಷದ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ದೊಡ್ಡವರಿಗಿಂತ ಅದರ ಮೈ ಸೀಸವನ್ನು ಜಾಸ್ತಿ ಹೀರುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಅದು ವಿಷ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಸೀಸದ ಗಡಿಯನ್ನು ಡೆಸಿಲೀಟರ್‌ಗೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿತು. ಮಕ್ಕಳ ಮಟ್ಟಿಗೆ ಇಷ್ಟಾದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ.

ಆದ್ದರಿಂದ ಊಟದ ಮೇಜಿನ ಮೇಲೆ ಕ್ಲೀನ್ ಮಾಡಬೇಡಿ. ಅಡುಗೆಮನೆ ಸಿಂಕ್‌ನಲ್ಲಿ ಬ್ರಷ್ ತೊಳೆಯಬೇಡಿ. ಗರಾಜ್‌ನಲ್ಲಿ ಬಾಗಿಲು ತೆರೆದು, ನೈಟ್ರೈಲ್ ಗ್ಲೌಸ್ ಹಾಕಿ, ಕೆಳಗೆ ಹಳೆ ಪೇಪರ್ ಹಾಸಿ ಮಾಡಿ. ಮಧ್ಯೆ ಕಾಫಿ ಕುಡಿಯೋದು, ಏನಾದರೂ ಬಾಯಿಗೆ ಹಾಕೋದು ಬೇಡ. ಮುಗಿದ ಮೇಲೆ ತಣ್ಣೀರು, ಸೋಪಿನಿಂದ ಕೈ ಉಜ್ಜಿ ತೊಳೆಯಿರಿ. ಸ್ಯಾನಿಟೈಸರ್ ಸೀಸ ತೆಗೆಯಲ್ಲ. ರೇಂಜ್ ಬಟ್ಟೆ ಮಗುವಿನ ಬಟ್ಟೆ ಜತೆ ಮಶೀನ್‌ಗೆ ಹಾಕಬೇಡಿ, ಬೂಟು ಹೊರಗೇ ಬಿಡಿ. ಮನೆಗೆ ಬಂದ ತಕ್ಷಣ ಮಗು ಓಡಿ ಬಂದು ಅಪ್ಪಿಕೊಳ್ಳುತ್ತದೆ, ಗೊತ್ತು, ಆದರೂ ಸ್ನಾನ ಆದ ಮೇಲೆ ಎತ್ತಿಕೊಳ್ಳಿ. ವಾರವಾರ ಹೋಗುವವರು ವರ್ಷಕ್ಕೊಮ್ಮೆ ನಿಮ್ಮದೂ ಮಗುವಿನದೂ ರಕ್ತ ಪರೀಕ್ಷೆ ಮಾಡಿಸುವ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ.

ಇಪ್ಪತ್ತೈದು_ಮೀಟರ್:
ಅಕ್ಕ, ಇದನ್ನು ನಮ್ಮ ಕ್ಲಬ್‌ನ ಪೋಷಕರಿಗೂ ಕಳಿಸುತ್ತೇನೆ. ಇಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳೂ ಬರುತ್ತಾರೆ. ಏರ್‌ಗನ್‌ನ ಸೀಸದ ಪೆಲೆಟ್ ಹಿಡಿದ ಕೈಯಲ್ಲೇ ಬಿಸ್ಕತ್ತು ತಿನ್ನುತ್ತಾರೆ. ಎಷ್ಟು ಹೇಳಿದರೂ ಕಡಿಮೆಯೇ.

ವೀಸಾದಲ್ಲಿದ್ದೇನೆ:
ನಾನು ಎಚ್-1ಬಿಯಲ್ಲಿದ್ದೇನೆ. ಗೆಳೆಯ ಊರಿಗೆ ಹೋಗುವಾಗ ಅವನ ಪಿಸ್ತೂಲು, ಕ್ಲೀನಿಂಗ್ ಕಿಟ್ ಎರಡೂ ನನ್ನ ಮನೆಯಲ್ಲಿ ಬಿಟ್ಟು ಹೋಗುತ್ತೇನೆ, ಆಗಾಗ ಎಣ್ಣೆ ಹಾಕು ಅಂತಿದ್ದಾನೆ. ತೊಂದರೆ ಇಲ್ವಾ?

ಬೆಂಚ್_ಹೂಸ್ಟನ್:
ಬೇಡ ಅನ್ನಿ, ಇವತ್ತೇ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು, ಗುಂಡು ಎರಡನ್ನೂ ಇಟ್ಟುಕೊಳ್ಳೋದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಂಥ ಕೆಲವು ಇವೆ, ಆದರೆ ಅದನ್ನು ವಕೀಲರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳದೆ ಮುಟ್ಟಬೇಡಿ. ಪಿಸ್ತೂಲು ಯಾರದ್ದು ಅನ್ನೋದು ಮುಖ್ಯ ಅಲ್ಲ, ಯಾರ ಕೈಯಲ್ಲಿ, ಯಾರ ಮನೆಯಲ್ಲಿ ಇದೆ ಅನ್ನೋದೇ ಮುಖ್ಯ. ವೀಸಾ, ಕೆಲಸ, ಎಲ್ಲ ಹೋಗಬಹುದು. ಗೆಳೆಯರು ಅದನ್ನು ಅವರ ಸೇಫ್‌ನಲ್ಲೇ ಇಟ್ಟು ಹೋಗಲಿ. ಚೆನ್ನಾಗಿ ಒರೆಸಿಟ್ಟರೆ ಎರಡು ಮೂರು ತಿಂಗಳು ಅದಕ್ಕೆ ಯಾರೂ ಬೇಕಿಲ್ಲ.

ಒರೆಸುಬಟ್ಟೆ:
ಇನ್ನೊಂದು ಪ್ರಶ್ನೆ ಸರ್. ಹಳೆ ಮಿಲಿಟರಿ ಸ್ಟಾಕ್ ಗುಂಡು ಅಗ್ಗಕ್ಕೆ ಸಿಕ್ಕಿದೆ, ಟೋಕರೆವ್ ಪಿಸ್ತೂಲಿಗೆ. ಅದಕ್ಕೆ ಬೇರೆ ಥರ ಕ್ಲೀನ್ ಮಾಡಬೇಕು ಅಂತಾರೆ, ನಿಜವಾ?

ಬೆಂಚ್_ಹೂಸ್ಟನ್:
ನಿಜ. ಅಲ್ಲಿ ಮಾತ್ರ ನೀವು ಸೋಮಾರಿತನ ಮಾಡುವ ಹಾಗಿಲ್ಲ. ಹಳೆ ಸ್ಟಾಕ್‌ನ ಎಷ್ಟೋ ಪ್ರೈಮರ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ಅದು ಉಪ್ಪಾಗಿ ಬ್ಯಾರೆಲ್ ಒಳಗೆ ಕೂರುತ್ತದೆ, ಗಾಳಿಯ ತೇವ ಎಳೆದುಕೊಂಡು ಒಂದೆರಡು ದಿನದಲ್ಲೇ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ಹಾಗಾಗಿ ಮಾಮೂಲಿ ಎಣ್ಣೆ ಸವರಿದರೆ ಉಪ್ಪಿನ ಮೇಲೆ ಎಣ್ಣೆ ಮುಚ್ಚಿದ ಹಾಗೆ ಅಷ್ಟೇ. ನೀರೇ ಬೇಕು. ಅದೇ ದಿನ ಬಿಚ್ಚಿ ಬ್ಯಾರೆಲ್, ತೋಟಾ ಒರಗುವ ಮುಖ, ಹೊಗೆ ತಾಗಿದ ಎಲ್ಲ ಭಾಗಕ್ಕೂ ಬಿಸಿನೀರು ಹುಯ್ಯಿರಿ, ಗರಾಜ್ ಬಕೆಟ್‌ನಲ್ಲಿ, ಅಡುಗೆಮನೆಯಲ್ಲಲ್ಲ. ಬಿಸಿ ಇದ್ದರೆ ಲೋಹವೂ ಬಿಸಿಯಾಗಿ ಬೇಗ ಒಣಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮಾಮೂಲಿ ಸಾಲ್ವೆಂಟ್, ಆಮೇಲೆ ಎಣ್ಣೆ. ಮಾರನೇ ದಿನ ಒಂದು ಬಿಳಿ ಪ್ಯಾಚ್ ಹಾಯಿಸಿ ನೋಡಿ. ಕೆಂಪು ಬಂದರೆ ಇನ್ನೊಮ್ಮೆ ತೊಳೆಯಿರಿ. ಪ್ಲೇನೋದವರು ಕೇಳಿದ ಡಬ್ಲ್ಯೂಡಿ-40 ಇಲ್ಲಿ ನೀರು ತೊಳೆದ ಮೇಲೆ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನೂ ಒರೆಸಿ ಸರಿಯಾದ ಎಣ್ಣೆ ಹಾಕಿ.

ಪ್ಲೇನೋ_ಹುಡುಗ:
ಇವತ್ತು ಗರಾಜ್‌ನಲ್ಲಿ ಪೇಪರ್ ಹಾಸಿ ನೀವು ಹೇಳಿದ ಹಾಗೇ ಮಾಡಿದೆ. ಕನೆಕ್ಟರ್ ಜಾಗದ ಹನಿ ಹಾಕಿದ ಮೇಲೆ ಟ್ರಿಗರ್ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಜೋಡಿಸಿದ ಮೇಲೆ ಸರಿಯಾಗಿ ಕೂತಿದೆಯಾ ಅಂತ ಹೇಗೆ ನೋಡೋದು? ಮತ್ತೆ ಈ ಕಪ್ಪಾದ ಬಟ್ಟೆಗಳನ್ನು ಏನು ಮಾಡಲಿ?

ಬೆಂಚ್_ಹೂಸ್ಟನ್:
ಸ್ಲೈಡ್ ಹಾಕಿದ ಮೇಲೆ ನಾಲ್ಕೈದು ಸಲ ಹಿಂದೆ ಮುಂದೆ ಎಳೆದು ಎಣ್ಣೆ ಹರಡಲಿ, ಹೊರಗೆ ಬಂದದ್ದನ್ನು ಒರೆಸಿ. ಚೇಂಬರ್ ಮತ್ತೆ ನೋಡಿ, ಈಗ ತಾನೇ ಜೋಡಿಸಿದ್ದರೂ ನೋಡಿ. ಸುರಕ್ಷಿತ ಕಡೆಗೆ ಹಿಡಿದು ಟ್ರಿಗರ್ ಎಳೆದು ಹಾಗೇ ಒತ್ತಿ ಹಿಡಿಯಿರಿ. ಒತ್ತಿ ಹಿಡಿದಿರುವಾಗಲೇ ಸ್ಲೈಡ್ ಪೂರ್ತಿ ಹಿಂದೆ ಎಳೆದು ಬಿಡಿ. ಈಗ ಟ್ರಿಗರ್ ನಿಧಾನವಾಗಿ ಬಿಟ್ಟರೆ ಒಂದು ಟಕ್ ಕೇಳಬೇಕು, ಟ್ರಿಗರ್ ಮುಂದೆ ಬರಬೇಕು. ಕೇಳದಿದ್ದರೆ ರೇಂಜ್‌ಗೆ ಒಯ್ಯಬೇಡಿ, ಗನ್‌ಸ್ಮಿತ್‌ಗೆ, ಅಂದರೆ ಬಂದೂಕು ರಿಪೇರಿ ಮಾಡುವವರಿಗೆ, ತೋರಿಸಿ. ಖಾಲಿ ಮ್ಯಾಗಜೀನ್ ಹಾಕಿ ಸ್ಲೈಡ್ ಎಳೆದರೆ ಅದು ಹಿಂದೆಯೇ ನಿಲ್ಲಬೇಕು, ಅದನ್ನೂ ನೋಡಿ.

ತಾಯಿ_ನ್ಯೂಜೆರ್ಸಿ:
ಬಟ್ಟೆ, ಪ್ಯಾಚ್, ಗ್ಲೌಸ್ ಎಲ್ಲ ಪೇಪರ್‌ನಲ್ಲೇ ಸುತ್ತಿ ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ಹಾಕಿಡಿ, ಮಗುವಿಗೆ ಸಿಗದ ಎತ್ತರದಲ್ಲಿ. ಸಾಲ್ವೆಂಟ್ ಇರುವ ಬಟ್ಟೆ ಬೆಂಕಿಗೆ ಬೇಗ ಹತ್ತುತ್ತದೆ, ವಾಟರ್ ಹೀಟರ್ ಪಕ್ಕ ಇಡಬೇಡಿ. ಡಬ್ಬಿ ತುಂಬಿದ ಮೇಲೆ ನಿಮ್ಮ ಊರಿನ ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಮೇಜನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದೇ ಡಬ್ಬಿಗೆ ಹಾಕಿ.